ಓಮಾ ಹಾಕಿದ ಓಟು

ಈರುಳ್ಳಿ ಹುರಿಯುವ ವಾಸನೆ ಬಂದರೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಮನೆಯ ಒಗ್ಗರಣೆಯ ಈರುಳ್ಳಿಗಲ್ಲ. ಸ್ಕೂಲಿನ ಗೇಟಿನ ಪಕ್ಕ, ಇಲ್ಲಿಯವರು ಬಾರ್ಬಿ ಎನ್ನುವ ಬಯಲು ಒಲೆಯ ಕಾದ ತಟ್ಟೆಯ ಮೇಲೆ, ಸಾಸೇಜುಗಳ ಜೊತೆ ಕೆಂಪಗಾಗುವ ಈರುಳ್ಳಿಗೆ ಮಾತ್ರ. ಈ ದೇಶದಲ್ಲಿ ಚುನಾವಣೆಯ ದಿನ ಮತಗಟ್ಟೆಯ ಹೊರಗೆ ಮಕ್ಕಳ ಅಪ್ಪ ಅಮ್ಮಂದಿರು ನಿಂತು ಬ್ರೆಡ್ಡಿನಲ್ಲಿ ಸಾಸೇಜು, ಈರುಳ್ಳಿ ಸುತ್ತಿ ಮಾರುತ್ತಾರೆ. ಸ್ಕೂಲಿಗೆ ನಾಲ್ಕು ಕಾಸು ಸೇರುತ್ತದೆ, ಓಟು ಹಾಕಲು ಬಂದವರಿಗೆ ಸಾಲಿನಲ್ಲಿ ಬೇಸರ ಕಳೆಯುತ್ತದೆ.

ಎರಡು ಸಾವಿರದ ಹತ್ತೊಂಬತ್ತರ ಮೇ ತಿಂಗಳು. ನಾವು ಅಡಿಲೇಡ್ ಬಿಟ್ಟು ಪರ್ತ್‌ನ ಹ್ಯಾರಿಸ್‌ಡೇಲ್‌ಗೆ ಬಂದು ವರ್ಷವಾಗಿತ್ತಷ್ಟೆ. ಯಜಮಾನರು, ಅಂದರೆ ಶ್ರೀಧರ, ನನ್ನ ಮುಂದೆ ಸಾಲಿನಲ್ಲಿ ನಿಂತು ಆಫೀಸಿನ ಯಾರೊಂದಿಗೋ ಹರಟುತ್ತಿದ್ದರು. ಸಾಲಿನಲ್ಲಿ ಅರ್ಧಕ್ಕರ್ಧ ನಮ್ಮವರೇ. ಸಿಟಿಜನ್ ಆದ ಮೇಲೆ ದೇಶದ ಚುನಾವಣೆಯಲ್ಲಿ ಅದು ನನ್ನ ಮೊದಲ ಓಟು. ಗಾಳಿ ಈ ಕಡೆ ತಿರುಗಿತು. ಈರುಳ್ಳಿ ವಾಸನೆ ಮೂಗಿಗೆ ಹೊಡೆಯಿತು. ಮೂರು ವರ್ಷದ ಹಿಂದಿನ ಅಡಿಲೇಡಿನ ಚಳಿಗಾಲ ಹಾಗೇ ಎದುರಿಗೆ ಬಂದು ನಿಂತಿತು. ಅದರ ಜೊತೆ ಓಮಾ.

ಮೈಸೂರಿನಲ್ಲಿ ನಾನು ಪಿಯು ಕಾಲೇಜಿನ ಇತಿಹಾಸದ ಉಪನ್ಯಾಸಕಿ. ಅಡಿಲೇಡಿಗೆ ಬಂದ ಮೇಲೆ ನನ್ನ ಎಂಎ, ನನ್ನ ಬಿಎಡ್, ನನ್ನ ಅನುಭವ ಎಲ್ಲವನ್ನೂ ಮಡಚಿ ಸೂಟ್‌ಕೇಸಿನಲ್ಲಿ ಇಡಬೇಕಾಯಿತು. ಯಜಮಾನರು ಮಾಸನ್ ಲೇಕ್ಸ್‌ನ ಕಂಪನಿಗೆ ಹೋದರೆ ನಾನು ಸಂಜೆಯವರೆಗೆ ಗೋಡೆ ನೋಡಬೇಕು. ಗೋಡೆ ನೋಡುವ ಜಾತಿಯವಳಲ್ಲ ನಾನು. ವೃದ್ಧರ ಆರೈಕೆಯ ಕೋರ್ಸ್ ಮಾಡಿಕೊಂಡು ಮಾಡ್ಬರಿಯ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ಸೇರಿದೆ. ಬೆಳಗಿನ ಪಾಳಿ. ಎಬ್ಬಿಸುವುದು, ಸ್ನಾನ ಮಾಡಿಸುವುದು, ತಲೆ ಬಾಚುವುದು, ಟೀ ಗಾಡಿ ತಳ್ಳುವುದು. ನಮ್ಮ ಕನ್ನಡ ಬಳಗದ ಹೆಂಗಸರು 'ಅಯ್ಯೋ, ಲೆಕ್ಚರರ್ ಆಗಿದ್ದೋರು' ಎಂದು ಮೂಗು ಮುರಿದರು. ಮುರಿಯಲಿ ಬಿಡಿ, ಅವರ ಮೂಗು.

ಅಲ್ಲಿ ಕಿಟಕಿ ಪಕ್ಕದ ಕೋಣೆಯಲ್ಲಿದ್ದವರು ಹೆಡ್ವಿಗ್. ತೊಂಬತ್ತೇಳು ವಯಸ್ಸು. ಜರ್ಮನಿಯ ಫ್ರಾಂಕ್‌ಫರ್ಟಿನವರು, ಎರಡನೆಯ ಯುದ್ಧ ಮುಗಿದ ಮೇಲೆ ಗಂಡನ ಜೊತೆ ಹಡಗು ಹತ್ತಿ ಬಂದು ಅಡಿಲೇಡಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಬದುಕಿದವರು. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಪೀಟರ್, ಬ್ರಿಸ್ಬೇನ್‌ನಲ್ಲಿ. ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ನನ್ನ ಅಜ್ಜಿಗಿಂತ ಹಿರಿಯ ಹೆಂಗಸನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಅವರ ಭಾಷೆಯಲ್ಲಿ ಅಜ್ಜಿಗೆ ಓಮಾ ಅನ್ನುತ್ತಾರೆಂದು ಗೊತ್ತಾಗಿ ಓಮಾ ಎಂದೇ ಕರೆದೆ. ಎಡಗಿವಿ ಕೇಳುತ್ತಿರಲಿಲ್ಲ. ಸೊಂಟ ಮುರಿದು ಆಪರೇಷನ್ ಆಗಿದ್ದರಿಂದ ವಾಕರ್ ಬೇಕಿತ್ತು. ಬುದ್ಧಿ ಮಾತ್ರ ಕತ್ತರಿಯ ಹಾಗೆ. ಅವರು ನನ್ನೊಡನೆ ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಮಾತ್ರ ನಮ್ಮ ಕನ್ನಡದಲ್ಲೇ, ಹಾಗಾಗಿ ಹಾಗೇ ಬರೆಯುತ್ತೇನೆ.

ನಾನು ಇತಿಹಾಸ ಹೇಳಿಕೊಡುತ್ತಿದ್ದೆ ಎಂದು ಗೊತ್ತಾದ ದಿನ ಅವರು ಟೀ ಕಪ್ಪು ಹಿಡಿದು ಕೇಳಿದರು. "ಜರ್ಮನಿದೂ ಹೇಳ್ಕೊಡ್ತಿದ್ದೆಯಾ?"

"ಹೂಂ ಓಮಾ. ಮೊದಲನೇ ಯುದ್ಧ ಆದ ಮೇಲೆ ರಾಜ ಓಡಿಹೋದ, ಗಣರಾಜ್ಯ ಬಂತು, ಅದು ವಿಫಲ ಆಯ್ತು. ವಿಫಲತೆಗೆ ಕಾರಣಗಳು ಅಂತ ಒಂದು ಪ್ರಶ್ನೆ ಪ್ರತಿ ವರ್ಷ ಗ್ಯಾರಂಟಿ."

ಕಪ್ಪು ತಟ್ಟೆಯ ಮೇಲೆ ಕುಕ್ಕಿದರು. ಟೀ ಚೆಲ್ಲಿತು.

"ವಿಫಲ ಆಯ್ತು ಅಂತೆ! ಹಾರ್ಟ್ ಅಟ್ಯಾಕ್ ಆಗಿ ಸತ್ತೋಯ್ತಾ ಅದು? ಕೊಂದ್ರು ಟೀಚರ್, ಕೊಂದ್ರು. ನಿನ್ನ ಮಕ್ಕಳಿಗೆ ಕೊಲೆಗೆ ಕಾರಣ ಏನು ಅಂತ ಕೇಳ್ಬೇಕಿತ್ತು."

ಅಂದಿನಿಂದ ನಾನು ಅವರ ಪಾಲಿಗೆ ಟೀಚರ್ ಆದೆ. ದಿನಾ ತಲೆ ಬಾಚುವಾಗ ಒಂದಿಷ್ಟು ಪಾಠ ನನಗೆ. ಆ ಗಣರಾಜ್ಯಕ್ಕೂ ಅವರಿಗೂ ಒಂದೇ ವಯಸ್ಸು. ಯುದ್ಧ ಸೋತ ಶರತ್ಕಾಲದಲ್ಲಿ ಹುಟ್ಟಿದವರು. ಮರು ಜನವರಿಯಲ್ಲಿ ಅಲ್ಲಿನ ಹೆಂಗಸರು ಮೊಟ್ಟಮೊದಲ ಬಾರಿಗೆ ಓಟು ಹಾಕಿದರಲ್ಲ, ಆಗ ಅವರ ಅಮ್ಮ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಹಿಮದಲ್ಲಿ ಸಾಲು ನಿಂತಿದ್ದಳಂತೆ. "ನಾನೂ ಹೋಗಿದ್ದೆ ಆ ಚುನಾವಣೆಗೆ" ಎಂದು ಓಮಾ ನಗುತ್ತಿದ್ದರು. ಅಮ್ಮ ಯಾರಿಗೆ ಹಾಕಿದಳು ಎಂದು ಅಪ್ಪ ಕೇಳಿದನಂತೆ. ಕೇಳುತ್ತಲೇ ಇದ್ದನಂತೆ. ಸಾಯುವವರೆಗೂ ಅವನಿಗೆ ಗೊತ್ತಾಗಲಿಲ್ಲ.

ಇದನ್ನು ಕೇಳಿದಾಗ ನನಗೆ ಮೈಸೂರಿನ ನಮ್ಮ ಮನೆ ನೆನಪಾಯಿತು. ಓಟಿನ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಮಾವನವರು ಗುರುತು ಹೇಳುತ್ತಿದ್ದರು. ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೋಗಿ ಒಂದೇ ಗುರುತಿಗೆ ಒತ್ತಿ ಬರುತ್ತಿದ್ದೆವು. ಬಂದ ಮೇಲೆ ಅತ್ತೆಯನ್ನು 'ಸರಿಯಾಗಿ ಒತ್ತಿದೆ ತಾನೆ?' ಎಂದು ವಿಚಾರಿಸಿಕೊಳ್ಳುತ್ತಿದ್ದರು. ಅದೇ ವಾರ ನಾನು ಕಾಲೇಜಿನಲ್ಲಿ ರಹಸ್ಯ ಮತದಾನದ ಮೇಲೆ ಪಾಠ ಮಾಡಿರುತ್ತಿದ್ದೆ. ನಮ್ಮನೆಯಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಓಮಾಗೆ ಎರಡು ವರ್ಷವೂ ತುಂಬಿರಲಿಲ್ಲ, ಸೈನ್ಯದ ಕೆಲವರು ಬಂದೂಕು ಹಿಡಿದು ರಾಜಧಾನಿಗೆ ನುಗ್ಗಿದರು. ಮಂತ್ರಿಗಳು ಊರು ಬಿಟ್ಟು ಓಡಿದರು. ಗಣರಾಜ್ಯದ ಕಥೆ ಮುಗಿಯಿತು ಎಂದುಕೊಂಡರು ಎಲ್ಲರೂ. ಆಗ ದೇಶದ ಕೆಲಸಗಾರರೆಲ್ಲ ಕೆಲಸ ನಿಲ್ಲಿಸಿಬಿಟ್ಟರು. ಓಮಾಳ ಅಪ್ಪ ಟ್ರಾಮ್ ಓಡಿಸುವವನು. ಯುದ್ಧದ ವಿಷಗಾಳಿ ಕುಡಿದು ಎದೆ ಕೆಟ್ಟಿದ್ದ ಮನುಷ್ಯ. ಅವನೂ ಟ್ರಾಮನ್ನು ಡಿಪೋದಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡು ಮನೆಗೆ ಬಂದ. ನೀರೂ ನಿಲ್ಲುತ್ತದೆಂದು ಅಮ್ಮ ಮನೆಯಲ್ಲಿದ್ದ ಪಾತ್ರೆ, ಬಕೆಟ್ಟು, ಕೊನೆಗೆ ಹೂದಾನಿಗೂ ನೀರು ತುಂಬಿಟ್ಟಳು. ದೀಪವಿಲ್ಲ, ರೈಲಿಲ್ಲ, ಪತ್ರಿಕೆಯಿಲ್ಲ. ಬಂದೂಕು ಹಿಡಿದವರು ಯಾರಿಗೆ ಆಜ್ಞೆ ಮಾಡಬೇಕು? ಕೆಲವೇ ದಿನದಲ್ಲಿ ಬಾಲ ಮುದುರಿಕೊಂಡು ಹೋದರು.

"ಇದು ನಿನ್ನ ಪುಸ್ತಕದಲ್ಲಿತ್ತಾ?" ಎಂದರು ಓಮಾ.

ಇತ್ತು. ಒಂದು ಸಾಲು. ಮಕ್ಕಳಿಗೆ ಅದನ್ನು ಬಿಡಿ, ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳುತ್ತಿದ್ದೆವು.

ನೋಟಿಗೆ ಬೆಲೆಯೇ ಇಲ್ಲದೆ ಹೋದ ವರ್ಷದ ಬಗ್ಗೆ ನಾನೂ ಎಲ್ಲರ ಹಾಗೆ ಕೇಳಿದೆ. ರೇಗಿದರು. "ಬರೋರೆಲ್ಲ ಅದನ್ನೇ ಕೇಳ್ತಾರೆ! ಗಾಡಿ ತುಂಬ ನೋಟು ತಳ್ಕೊಂಡು ಹೋದ್ರಾ, ನೋಟಲ್ಲಿ ಒಲೆ ಹಚ್ಚಿದ್ರಾ. ಸರ್ಕಸ್ಸಾ ಅದು? ನಮಗೆ ಹಸಿವಾಗಿತ್ತು, ಅಷ್ಟೇ. ಆಮೇಲೆ ಸರಿ ಹೋಯ್ತು. ಸರಿ ಹೋಗಿದ್ದನ್ನ ಯಾರೂ ಕೇಳಲ್ಲ."

ಸರಿಹೋದದ್ದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಹೊರಗಿನ ದೇಶದವರು ಶಾಲೆಯಲ್ಲಿ ಕೊಟ್ಟ ಕೋಕೋ ಕುಡಿದು ಕೆನ್ನೆ ತುಂಬಿಕೊಂಡಿತು. ಹೊಸ ನೋಟು ಬಂತು, ಅದರ ಬೆಲೆ ನಿಂತಿತು. ಊರಿನ ಆಡಳಿತದವರು ಕೆಲಸಗಾರರಿಗೆ ಹೊಸ ಮನೆಗಳನ್ನು ಕಟ್ಟಿದರು, ಟ್ರಾಮಿನವನಿಗೂ ಒಂದು ಸಿಕ್ಕಿತು. ಅಡುಗೆಮನೆಗೆ ಕಿಟಕಿ. ನಲ್ಲಿ ತಿರುಗಿಸಿದರೆ ಬಿಸಿನೀರು. ಅಮ್ಮ ಮೊದಲ ದಿನ ನಲ್ಲಿ ತಿರುಗಿಸಿ, ಕೈಯೊಡ್ಡಿ, ಅಲ್ಲೇ ಕೂತು ಅತ್ತಳಂತೆ. ಮರುವಾರ ಹೋಗಿ ಕೂದಲು ಗಿಡ್ಡ ಮಾಡಿಸಿಕೊಂಡು ಬಂದಳು. ಅಪ್ಪ ಊಟ ಬಿಟ್ಟ. ಮೂರು ಹೊತ್ತು ಬಿಟ್ಟು ನಾಲ್ಕನೆಯ ಹೊತ್ತು ತಾನೇ ತಿಂದ. ಓಮಾ ಈಜು ಕಲಿತರು, ಲೈಬ್ರರಿ ಕಾರ್ಡು ಪಡೆದರು. "ನನ್ನ ಬಾಲ್ಯ ಚೆನ್ನಾಗಿತ್ತು ಟೀಚರ್. ಯಾರೂ ನಂಬಲ್ಲ."

ಆಮೇಲೆ ಜಗತ್ತಿಗೇ ಬಡತನ ಬಡಿಯಿತು, ಕೆಲಸಗಳು ಹೋದವು, ಬೀದಿಯಲ್ಲಿ ಹೊಡೆದಾಟ. ಆಗ ಬಂದ ಆ ಮನುಷ್ಯನ ಹೆಸರನ್ನು ಓಮಾ ಬಾಯಲ್ಲಿ ಆಡುತ್ತಿರಲಿಲ್ಲ. "ಓಟಲ್ಲಿ ಅವನಿಗೆ ಬಹುಮತ ಬಂದೇ ಇರ್ಲಿಲ್ಲ. ಒಳ್ಳೆ ಕೋಟು ಹಾಕ್ಕೊಂಡ ದೊಡ್ಡ ಮನುಷ್ಯರು ಕೆಲವರು ಒಂದು ಕೋಣೇಲಿ ಕೂತು, ಜನಕ್ಕೆ ಸಾಕಾಗಿದೆ, ಇನ್ನು ಅವರಿಗೆ ತೊಂದರೆ ಬೇಡ, ನಾವೇ ನೋಡ್ಕೋತೀವಿ ಅಂತ ಅವನ ಕೈಗೆ ಕೊಟ್ರು." ಮುಂದಿನ ಓಟುಗಳಲ್ಲಿ ಪರದೆಯೇನೋ ಇತ್ತು. ಪರದೆಯ ಹಿಂದೆ ಹೋದವರ ಮೇಲೆ ಅನುಮಾನ. ಅಪ್ಪ ಪರದೆಯ ಹಿಂದೆ ಹೋಗಲಿಲ್ಲ, ಎಲ್ಲರೆದುರೇ ಗುರುತು ಹಾಕಿ ಬಂದ. ಆ ರಾತ್ರಿ ಅಮ್ಮ ಅಡುಗೆಮನೆಯಲ್ಲೇ ಮಲಗಿದಳು. ಓಮಾ ತಾವೇ ನಿಜವಾದ ಓಟು ಹಾಕುವ ಹೊತ್ತಿಗೆ ಇನ್ನೊಂದು ಯುದ್ಧ ಮುಗಿದು, ಊರು ಕಲ್ಲುಗುಡ್ಡೆಯಾಗಿ, ಅವರಿಗೆ ಮೂವತ್ತಾಗಿತ್ತು. ಅಲ್ಲಿಂದ ಮುಂದೆ, ಜರ್ಮನಿಯಲ್ಲಾಗಲಿ ಇಲ್ಲಾಗಲಿ, ಒಂದು ಓಟನ್ನೂ ತಪ್ಪಿಸಿರಲಿಲ್ಲ. ಸೊಂಟ ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದ ಒಂದು ಸಲ ಬಿಟ್ಟು.

ಆ ವರ್ಷ ಚಳಿಗಾಲದಲ್ಲಿ, ಅಂದರೆ ಇಲ್ಲಿನ ಜುಲೈನಲ್ಲಿ, ಚುನಾವಣೆ ಬಂತು. ಅಡಿಲೇಡಿನ ಚಳಿಗಾಲ ಗೊತ್ತಲ್ಲ, ಹಿಮ ಬೀಳುವುದಿಲ್ಲ, ಒದ್ದೆ ಗಾಳಿ ಮೂಳೆಗೆ ಹೊಕ್ಕುತ್ತದೆ, ಮನೆಯೊಳಗೆ ಹೊರಗಿಗಿಂತ ಹೆಚ್ಚು ಚಳಿ. ಓಮಾಗೆ ಅದರ ಪರಿವೆಯೇ ಇಲ್ಲ. ದಿನಾ ಪತ್ರಿಕೆ ಓದಿಸಿಕೊಂಡರು. ಟಿವಿಯ ಚರ್ಚೆ ನೋಡಿ ಬೈದರು. ನಡೆಯಲಾಗದವರ ಹತ್ತಿರ ಚುನಾವಣಾ ಸಿಬ್ಬಂದಿಯೇ ಪೆಟ್ಟಿಗೆ ಹೊತ್ತು ಬರುತ್ತಾರೆ. ನಮ್ಮ ಆಶ್ರಮಕ್ಕೆ ಅವರು ಬರುವ ದಿನ ಓಮಾ ಬೆಳಿಗ್ಗೆಯೇ ಎದ್ದು ಕೂತಿದ್ದರು. ಕೂದಲು ಸುರುಳಿ ಮಾಡಿಸಿಕೊಂಡರು. ಕಂದು ಬಣ್ಣದ ಉಣ್ಣೆಯ ಕೋಟು, ಅಮ್ಮನ ಬ್ರೂಚು. ನಮ್ಮಲ್ಲಿ ಮದುವೆಗೆ ಹೊರಡುತ್ತಾರಲ್ಲ, ಹಾಗೆ.

ದೊಡ್ಡ ಹಾಲಿನಲ್ಲಿ ಮೇಜು ಹಾಕಿದ್ದರು. ಓಮಾ ವಾಕರ್ ತಳ್ಳಿಕೊಂಡು ಹೋಗಿ ಹೆಸರು ಹೇಳಿದರು. ಮೇಜಿನ ಹುಡುಗಿ ಹಾಳೆ ತಿರುವಿದಳು. ಮತ್ತೆ ತಿರುವಿದಳು. ಸ್ಪೆಲ್ಲಿಂಗ್ ಕೇಳಿದಳು. ಹೆಸರು ಇರಲಿಲ್ಲ.

"ಇಲ್ಲ ಅಂದ್ರೆ?" ಎಂದರು ಓಮಾ. "ನಾನು ಇಲ್ಲೇ ಇದ್ದೀನಲ್ಲ."

ಪಾಪ, ಆ ಹುಡುಗಿಯ ತಪ್ಪೇನಿರಲಿಲ್ಲ. ನಿಯಮದ ಪ್ರಕಾರ ಬೇರೆ ಲಕೋಟೆಯಲ್ಲಿ ಓಟು ಹಾಕಬಹುದು, ಆಮೇಲೆ ಕಚೇರಿಯಲ್ಲಿ ಪರಿಶೀಲಿಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದೋ ಬೇಡವೋ ನೋಡುತ್ತಾರೆ ಎಂದು ವಿವರಿಸಿದಳು. ಓಮಾ ಕಾಗದ ತೆಗೆದುಕೊಂಡು ರಟ್ಟಿನ ಮರೆಗೆ ಹೋದರು. ಇಲ್ಲಿ ಗುರುತು ಒತ್ತುವುದಿಲ್ಲ, ಹೆಸರುಗಳ ಪಕ್ಕ ಇಷ್ಟದ ಕ್ರಮದಲ್ಲಿ ಅಂಕೆ ಬರೆಯಬೇಕು. ಒಂದು ಕಾಗದವಂತೂ ಮೇಜುಬಟ್ಟೆಯಷ್ಟು ಉದ್ದ. ಅದು ಹಲಗೆಯಿಂದ ಜಾರಿ ಜಾರಿ ಕೆಳಗೆ ಇಳಿಯುತ್ತಿತ್ತು. ನಾನು ಹತ್ತಿರ ಹೋಗಿ ಬಗ್ಗಿದೆ.

"ಕೊಡಿ ಓಮಾ, ನಾನು ಹಿಡ್ಕೋತೀನಿ. ಯಾವ್ದಕ್ಕೆ ಹಾಕ್ಬೇಕು ಹೇಳಿ."

ಅಂಗೈ ಅಗಲಿಸಿ ಕಾಗದ ಮುಚ್ಚಿದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಆ ಕಡೆ ತಿರುಗು, ಟೀಚರ್."

ತಿರುಗಿದೆ. ನನ್ನ ಕಿವಿ ಬಿಸಿಯಾಗಿತ್ತು. ಪೆನ್ಸಿಲ್ಲಿನ ಸದ್ದು ಬಹಳ ಹೊತ್ತು ಕೇಳಿತು.

ಹೆಸರು ಎಲ್ಲಿ ಹೋಯಿತು ಎಂದು ತಿಳಿದದ್ದು ಚುನಾವಣೆಯ ಶನಿವಾರ. ಆಶ್ರಮದ ಹಿಂದಿನ ಬೀದಿಯ ಸ್ಕೂಲಿನಲ್ಲಿ ಮತಗಟ್ಟೆ. ಓಮಾ ಕಿಟಕಿ ತೆಗೆಸಿ ಈರುಳ್ಳಿ ವಾಸನೆ ಹೀರುತ್ತ ಕೂತಿದ್ದರು. ನಾನು ಪ್ಯಾಂಟ್ರಿಗೆ ಹೋದೆ. ಮ್ಯಾನೇಜರಮ್ಮ ಅಲ್ಲಿ ಟೀ ಮಾಡಿಕೊಳ್ಳುತ್ತಿದ್ದಳು. ಅವಳಿಗೆ ಅದು ಗುಟ್ಟು ಅಂತ ಕೂಡ ಅನ್ನಿಸಿರಲಿಲ್ಲ.

"ಓ, ಅದಾ? ಮಗನೇ ತೆಗೆಸಿದ್ದು. ಹೋದ ಸಲ ಓಟು ಹಾಕ್ಲಿಲ್ಲ ಯಾಕೆ ಅಂತ ನೋಟಿಸ್ ಬಂದಿತ್ತಲ್ಲ, ಅವನಿಗೆ ತಲೆನೋವಾಯ್ತಂತೆ. ಡಾಕ್ಟರ್ ಸರ್ಟಿಫಿಕೇಟ್ ಕೊಟ್ರು. ನಿಮ್ಮ ಊರಿನೋರೇ, ಡಾಕ್ಟರ್ ರಾಜಶೇಖರ್."

ಈ ದೇಶದಲ್ಲಿ ಓಟು ಹಾಕುವುದು ಕಡ್ಡಾಯ. ಹಾಕದಿದ್ದರೆ ಕಾರಣ ಕೇಳುತ್ತಾರೆ. ಒಬ್ಬರ ಹೆಸರನ್ನು ಪಟ್ಟಿಯಿಂದ ತೆಗೆಸಲು ಇರುವ ದಾರಿಗಳಲ್ಲಿ ಒಂದು, ಇವರಿಗೆ ಓಟು ಎಂದರೇನು ಎಂದು ಅರ್ಥ ಮಾಡಿಕೊಳ್ಳುವ ಬುದ್ಧಿ ಉಳಿದಿಲ್ಲ ಎಂದು ವೈದ್ಯರು ಬರೆದುಕೊಡುವುದು. ಹಾಗೆ ತೆಗೆಯುವ ಮುಂಚೆ ಅವರಿಗೇ ಪತ್ರ ಬರೆದು ಕೇಳುತ್ತಾರೆ. ಓಮಾಳ ಅಂಚೆಯನ್ನೆಲ್ಲ ಮಗ ಬ್ರಿಸ್ಬೇನಿಗೆ ತಿರುಗಿಸಿಕೊಂಡಿದ್ದ. ಪತ್ರ ಅವನ ಮನೆ ಸೇರಿತ್ತು, ಅವನು ಸುಮ್ಮನಿದ್ದ.

ಬುದ್ಧಿ ಉಳಿದಿಲ್ಲ! ಓಮಾಗೆ! ನನಗೆ ನಖಶಿಖಾಂತ ಉರಿದುಹೋಯಿತು. ತೆರೆದ ಕಿಟಕಿಯಿಂದ ಆ ಈರುಳ್ಳಿ ವಾಸನೆ ಪ್ಯಾಂಟ್ರಿಯವರೆಗೂ ಬರುತ್ತಿತ್ತು. ಹೊರಗೆ ಊರಿಗೆ ಊರೇ ಸಾಸೇಜು ತಿನ್ನುತ್ತ ಓಟು ಹಾಕುತ್ತಿತ್ತು. ಓಮಾಗೆ ಹೋಗಿ ಹೇಳಿದೆ. ಮುಚ್ಚಿಡಲು ನಾನ್ಯಾರು? ಅವರು ಕಿಟಕಿ ಮುಚ್ಚಿಸಿದರು.

"ಯಾರೂ ಬಂದೂಕು ಹಿಡ್ಕೊಂಡು ಬರ್ಲಿಲ್ಲ, ಅಲ್ವಾ ಟೀಚರ್?" ಎಂದರು. "ನಂಗೆ ತೊಂದರೆ ಆಗ್ಬಾರ್ದು ಅಂತ ಮಾಡಿದ್ರು."

ಡಾಕ್ಟರ್ ರಾಜಶೇಖರ್ ಎಂದರೆ ನಮ್ಮ ಬಳಗಕ್ಕೆ ದೇವರು. ಮೈಸೂರಿನವರು, ವಾರಕ್ಕೊಮ್ಮೆ ನಮ್ಮ ಆಶ್ರಮಕ್ಕೆ ಬಂದು ನೋಡುತ್ತಿದ್ದರು. ಸಿಡುಕಿಲ್ಲ, ಕೈಗುಣ ಒಳ್ಳೆಯದು, ಯಾರ ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ಫೋನಿನಲ್ಲೇ ಧೈರ್ಯ ಹೇಳುವ ಮನುಷ್ಯ. ಮರುದಿನ ಭಾನುವಾರ ಅವರ ಮನೆಯಲ್ಲೇ ಊಟ, ಮೊದಲೇ ಗೊತ್ತಾಗಿದ್ದದ್ದು. ಕಾರಿನಲ್ಲಿ ಯಜಮಾನರು ನನ್ನ ಮುಖ ನೋಡಿ, "ವಾರಿಜಾ, ಅಲ್ಲಿ ಸೀನ್ ಮಾಡ್ಬೇಡ ಪ್ಲೀಸ್" ಎಂದರು. ಮಾಡದಿದ್ದರೆ ನಾನು ವಾರಿಜಾಳೇ ಅಲ್ಲ.

ಬಿಸಿಬೇಳೆಬಾತು ಬಡಿಸಿದರು. ನಾನು ತಟ್ಟೆ ಮುಟ್ಟದೆ ಕೇಳಿದೆ. "ಡಾಕ್ಟ್ರೇ, ಹೆಡ್ವಿಗ್ ಅವ್ರಿಗೆ ಬುದ್ಧಿ ಇಲ್ಲ ಅಂತ ಬರ್ಕೊಟ್ರಂತಲ್ಲ?"

ಅವರು ಒಂದು ಕ್ಷಣ ನೆನಪಿಸಿಕೊಂಡರು. "ಓ, ಆ ಜರ್ಮನ್ ಅಜ್ಜಿನಾ? ಅಲ್ಲ ವಾರಿಜಾ ಅವ್ರೆ, ಬುದ್ಧಿ ಇಲ್ಲ ಅಂತ ಅಲ್ಲ. ಮಗ ಬ್ರಿಸ್ಬೇನಿಂದ ಫೋನ್ ಮಾಡಿದ್ದ. ಪಾಪ, ಎಷ್ಟು ಕಾಳಜಿ. ಅಮ್ಮಂಗೆ ಏನೂ ಅರ್ಥ ಆಗಲ್ಲ, ನೋಟಿಸ್ ಬಂದ್ರೆ ಗಾಬರಿ ಬೀಳ್ತಾರೆ ಅಂದ. ತೊಂಬತ್ತೇಳು ವಯಸ್ಸು. ಯಾಕೆ ತೊಂದ್ರೆ ಕೊಡ್ಬೇಕು ಅಂತ ಕೊಟ್ಬಿಟ್ಟೆ."

"ಅವ್ರನ್ನೇನು ಕೇಳಿದ್ರಿ?"

"ಯಾರ್ನ?"

"ಅಜ್ಜೀನ!"

"ರೂಮಿಗೆ ಹೋಗಿ ನೋಡ್ದೆ. ಫೋನ್ ಸ್ಪೀಕರಲ್ಲಿ ಮಗ ಇದ್ದ. ನಾನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಟ್ಟ. ಅಜ್ಜಿ ಸುಮ್ಮನೆ ನಗ್ತಾ ಕೂತಿದ್ರು."

ಎಡಗಿವಿಯ ಪಕ್ಕ ನಿಂತು ಮಾತಾಡಿದ್ದರೆ ನಗದೆ ಇನ್ನೇನು ಮಾಡುತ್ತಾರೆ! ನನಗೆ ಆಗ ಥಟ್ಟನೆ ಅರ್ಥವಾಯಿತು. ಇದು ಯಾವ ಮೆಡಿಕಲ್ ಕಾಲೇಜಿನಲ್ಲಿ ಕಲಿತದ್ದೂ ಅಲ್ಲ, ನಮ್ಮ ಊರಿನ ಕ್ಲಿನಿಕ್ಕಿನ ರೂಢಿ. ಅಜ್ಜಿ ಎದುರಿಗೇ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಡಾಕ್ಟರು ಪಕ್ಕದಲ್ಲಿ ನಿಂತ ಮಗನನ್ನು ಕೇಳುತ್ತಾರೆ, 'ಅಜ್ಜಿಗೆ ಊಟ ಸೇರುತ್ತಾ? ನಿದ್ದೆ ಬರುತ್ತಾ?' ಮಗ ಹೇಳುತ್ತಾನೆ. ಅಜ್ಜಿ ನಗುತ್ತಾಳೆ. ಅದಕ್ಕೆ ನಾವು ಗೌರವ ಅಂತ ಹೆಸರಿಟ್ಟಿದ್ದೇವೆ. ದೊಡ್ಡವರಿಗೆ ಆಯಾಸವಾಗಬಾರದು ಎಂದು ಅವರ ಬಾಯಿಯ ಮಾತನ್ನೇ ಕಿತ್ತುಕೊಳ್ಳುತ್ತೇವೆ. ಆ ರೂಢಿಯನ್ನು ಈ ಮಹಾಶಯರು ಮೈಸೂರಿನಿಂದ ಅಡಿಲೇಡಿನವರೆಗೆ ಹೊತ್ತು ತಂದು, ಕಾನೂನಿನ ಕಾಗದಕ್ಕೆ ಒತ್ತಿ ಕೊಟ್ಟಿದ್ದರು.

"ಒಂದು ಓಟು, ವಾರಿಜಾ ಅವ್ರೆ" ಎಂದರು ಡಾಕ್ಟರು ಸಮಾಧಾನದ ದನಿಯಲ್ಲಿ. "ಅದಕ್ಕೆ ಯಾಕಿಷ್ಟು ಎಮೋಷನಲ್ ಆಗ್ತೀರಾ? ಅವ್ರ ದೇಶದಲ್ಲೇ ಡೆಮಾಕ್ರಸಿ ಹದಿನಾಲ್ಕು ವರ್ಷದ ಮೇಲೆ ಬಾಳ್ಲಿಲ್ಲ."

"ಬಾಳ್ಲಿಲ್ಲ ಅಲ್ಲ ಡಾಕ್ಟ್ರೇ, ಬಾಳೋಕೆ ಬಿಡ್ಲಿಲ್ಲ! ಎದ್ದು ನಿಂತಿತ್ತು ಅದು. ಮನೆ ಕಟ್ತು, ಮಕ್ಕಳಿಗೆ ಊಟ ಹಾಕ್ತು, ಬಂದೂಕಿನೋರನ್ನೇ ಓಡಿಸ್ತು. ಅದನ್ನ ಕೊನೆಗೆ ಕೈಗೆ ಎತ್ತಿ ಕೊಟ್ಟೋರು ರೌಡಿಗಳು ಅನ್ಕೊಂಡ್ರಾ? ಓದಿರೋರು, ಮರ್ಯಾದಸ್ಥರು, ನಿಮ್ ತರಾನೇ ಒಳ್ಳೆ ಮನಸ್ಸಿನೋರು. ಜನಕ್ಕೆ ಯಾಕೆ ತೊಂದ್ರೆ ಅಂದೋರು!"

ಯಜಮಾನರು ತಟ್ಟೆಯೊಳಗೆ ತಲೆ ಹಾಕಿದ್ದರು. ಡಾಕ್ಟರ ಹೆಂಡತಿ ಇನ್ನೊಂದು ಸೌಟು ಬಾತು ತಂದು, ಎಲ್ಲಿ ಹಾಕಬೇಕೋ ತಿಳಿಯದೆ ನಿಂತರು.

ಒಂದು ಮಾತು ಹೇಳಲೇಬೇಕು, ಡಾಕ್ಟರು ಕೆಟ್ಟವರಲ್ಲ. ಆ ವಾರ ಆಶ್ರಮಕ್ಕೆ ಬಂದಾಗ ತಾವಾಗಿಯೇ ಓಮಾಳ ಕೋಣೆಗೆ ಬಂದರು. ಮತ್ತೆ ಪರೀಕ್ಷೆ ಮಾಡಿ, ಸರಿಯಿದ್ದರೆ ಹಾಗೆಂದು ಬರೆದುಕೊಡುತ್ತೇನೆ ಎಂದರು. ಬಂದವರೇ, ಬಲಗಿವಿಯ ಪಕ್ಕ ಕುರ್ಚಿ ಎಳೆದು ಕೂತರು. ಸದ್ಯ, ಇಷ್ಟಾದರೂ ಎಂದುಕೊಂಡೆ. ಕೂತು, ತಲೆ ಎತ್ತಿ, ನನ್ನನ್ನು ಕೇಳಿದರು.

"ನಿದ್ದೆ ಸರಿಯಾಗಿ ಮಾಡ್ತಾರಾ ಇವ್ರು?"

ನಾನು ಬಾಯಿ ತೆರೆಯುವ ಮೊದಲೇ ಓಮಾ ಚಮಚದಿಂದ ಮೇಜು ಕುಟ್ಟಿದರು. "ಡಾಕ್ಟರ್, ನಿದ್ದೆ ಮಾಡೋಳು ನಾನು. ಇವಳು ಆಗ ಮನೇಲಿರ್ತಾಳೆ."

ಡಾಕ್ಟರ ಮುಖ ಕೆಂಪಾಯಿತು. ಅವರಿಗೆ ಆ ಘಳಿಗೆಯಲ್ಲೇ ತಿಳಿಯಿತು ಎಂದು ನನಗನ್ನಿಸಿತು. ಕುರ್ಚಿಯನ್ನು ಪೂರ್ತಿ ತಿರುಗಿಸಿಕೊಂಡರು, ನನಗೆ ಬೆನ್ನು ಹಾಕಿ. ವಾರ, ತಿಂಗಳು, ಊರು ಕೇಳಿದರು. ಪ್ರಧಾನಮಂತ್ರಿ ಯಾರು ಎಂದು ಕೇಳಿದರು.

"ಬೆಳಿಗ್ಗೆ ಇದ್ದೋರ್ನ ಹೇಳ್ಲಾ, ಈಗಿರೋರ್ನ ಹೇಳ್ಲಾ?" ಎಂದರು ಓಮಾ. ಆ ವರ್ಷಗಳಲ್ಲಿ ಇಲ್ಲಿ ಪ್ರಧಾನಿಗಳು ಬದಲಾಗುತ್ತಿದ್ದ ವೇಗಕ್ಕೆ ಅದು ಸರಿಯಾದ ಉತ್ತರವೇ. ಡಾಕ್ಟರು ನಕ್ಕುಬಿಟ್ಟರು. ಓಟು ಯಾಕೆ ಹಾಕಬೇಕು ಎಂದು ಕೇಳಿದರು. ಅದಕ್ಕೆ ಓಮಾ ಕೊಟ್ಟ ಉತ್ತರ ಹಿಮದ ಸಾಲಿನಿಂದ ಶುರುವಾಗಿ ನಲ್ಲಿಯ ಬಿಸಿನೀರನ್ನು ದಾಟಿ ಕೋಟಿನವರ ಕೋಣೆಗೆ ಬರುವ ಹೊತ್ತಿಗೆ, ಊಟದ ಗಂಟೆ ಹೊಡೆದು, ಡಾಕ್ಟರ ಉಳಿದ ರೋಗಿಗಳೆಲ್ಲ ಕಾಯುತ್ತ ಕೂತಿದ್ದರು. ಅವರು ಎದ್ದು ಹೋಗಲಿಲ್ಲ. ಪೂರ್ತಿ ಕೇಳಿದರು. ಬರೆದುಕೊಟ್ಟರು.

ಪೀಟರ್ ಬ್ರಿಸ್ಬೇನಿಂದ ಫೋನ್ ಮಾಡಿ ಮ್ಯಾನೇಜರಮ್ಮನ ಹತ್ತಿರ ಕೂಗಾಡಿದ. ಕೆಲಸದವರು ನಮ್ಮ ಮನೆ ವಿಷಯಕ್ಕೆ ಕೈ ಹಾಕುತ್ತಾರೆ ಎಂದ. ನನಗೆ ಒಂದು ಎಚ್ಚರಿಕೆಯೂ ಸಿಕ್ಕಿತು. ಹೋಗಲಿ. ಓಮಾ ಸ್ವತಃ ಫೋನ್ ಹಿಡಿದು ಜರ್ಮನ್ ಭಾಷೆಯಲ್ಲಿ ಅವನಿಗೆ ಏನೋ ಹೇಳಿದರು. ಬಹಳ ಮಾತಲ್ಲ. ಆಮೇಲೆ ಅವನ ಫೋನು ಬರಲಿಲ್ಲ, ಅಂಚೆ ಮಾತ್ರ ಮತ್ತೆ ನೇರ ಆಶ್ರಮಕ್ಕೇ ಬರತೊಡಗಿತು. ಲಕೋಟೆಯಲ್ಲಿ ಹಾಕಿದ್ದ ಆ ಚಳಿಗಾಲದ ಓಟು ಲೆಕ್ಕಕ್ಕೆ ಬರಲಿಲ್ಲ ಎಂದು ತಿಳಿಯಿತು. ಹಾಕಿದ ದಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲವಲ್ಲ. ಬೀದಿಬದಿಯ ಮರಗಳು ಚಿಗುರುವ ಹೊತ್ತಿಗೆ ಹೆಸರು ವಾಪಸ್ ಬಂತು. ಓಮಾ ಆ ಪತ್ರವನ್ನು ಗೋಡೆಗೆ ಅಂಟಿಸಿಕೊಂಡರು, ಗಂಡನ ಫೋಟೋ ಪಕ್ಕ.

"ಮುಂದಿನ ಚುನಾವಣೆ ಯಾವಾಗ?" ಎಂದು ಕೇಳುತ್ತಿದ್ದರು.

"ರಾಜ್ಯದ್ದು ಇನ್ನೂ ಒಂದೂವರೆ ವರ್ಷ, ಓಮಾ."

"ಇರ್ತೀನಿ."

ಇರಲಿಲ್ಲ. ಆ ಬೇಸಿಗೆಯ ಸೆಕೆ ತಡೆಯಲಿಲ್ಲ, ಇಲ್ಲಿ ನಡುಬೇಸಿಗೆಯಾದ ಜನವರಿಯಲ್ಲಿ ಹೋದರು. ಹಿಮದಲ್ಲಿ ಅವರ ಅಮ್ಮ ಕೂಸನ್ನೆತ್ತಿಕೊಂಡು ನಿಂತದ್ದೂ ಜನವರಿಯೇ. ಅಂತ್ಯಕ್ರಿಯೆಗೆ ಪೀಟರ್ ಬಂದಿದ್ದ, ನೀಟಾದ ಕೋಟು. ಎದ್ದು ನಿಂತು ಮಾತಾಡಿದ. ಕೊನೆಯ ವರ್ಷಗಳಲ್ಲಿ ಅಮ್ಮನ ತಲೆಯ ಮೇಲಿನ ಭಾರವನ್ನೆಲ್ಲ ನಾವು ಇಳಿಸಿದ್ದೆವು, ಅವರು ನೆಮ್ಮದಿಯಾಗಿದ್ದರು ಎಂದ. ಭಾರ! ಎದ್ದು ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಪಕ್ಕದಲ್ಲಿ ಡಾಕ್ಟರು ಕೂತಿದ್ದರು. ಅವರು ಕೂಡ ತಲೆ ತಗ್ಗಿಸಿದ್ದರು. ಓಮಾ ಬದುಕಿನಲ್ಲಿ ಹಾಕಿದ ಕೊನೆಯ ಓಟನ್ನು ಒಳ್ಳೆಯವರೆಲ್ಲ ಸೇರಿ ತಿಂದುಹಾಕಿದ್ದೆವು, ಅವರ ಮೇಲಿನ ಪ್ರೀತಿಯಿಂದ. ನನಗೆ ಇವತ್ತಿಗೂ ಅದನ್ನು ಕ್ಷಮಿಸಲಾಗುವುದಿಲ್ಲ.

ಹ್ಯಾರಿಸ್‌ಡೇಲಿನ ಸಾಲು ಮುಂದೆ ಸರಿಯಿತು. ನನ್ನ ಹೆಸರು ಪಟ್ಟಿಯಲ್ಲಿತ್ತು. ಹುಡುಗ ಪಟ್ಟಿಯ ಮೇಲೆ ಗೆರೆ ಎಳೆದು ಎರಡು ಕಾಗದ ಕೊಟ್ಟ, ಒಂದು ಅದೇ ಮೇಜುಬಟ್ಟೆ, ಮೇಲ್ಮನೆಯಾದ ಸೆನೆಟ್ಟಿನದು. ರಟ್ಟಿನ ಮರೆಗಳು ಸಾಲಾಗಿದ್ದವು. ನಾನೊಂದರಲ್ಲಿ, ಯಜಮಾನರು ಪಕ್ಕದ್ದರಲ್ಲಿ. ಅವರದು ಬೇಗ ಮುಗಿಯಿತು. ಮಡಚಿಕೊಂಡು ನನ್ನ ಭುಜದ ಹತ್ತಿರ ಬಂದರು.

"ಎಲ್ಲಿ ತೋರ್ಸು. ಸೆನೆಟ್ ಪೇಪರ್ ಕನ್ಫ್ಯೂಸ್ ಆಗುತ್ತೆ ನಿಂಗೆ. ನಿನ್ನೆ ಹೇಳಿದ್ನಲ್ಲ, ಮೇಲಿನ ಸಾಲಲ್ಲಿ ಒಂದರಿಂದ ಆರು ಹಾಕ್ಬೇಕು. ಮೊದ್ಲು ಆ..."

ನಾನು ಅಂಗೈ ಅಗಲಿಸಿ ಕಾಗದ ಮುಚ್ಚಿದೆ.

"ರೀ. ಆ ಕಡೆ ತಿರುಗಿ."

"ಏನು?"

"ಆ ಕಡೆ ತಿರುಗಿ ಅಂದೆ."

ಮೇಜಿನ ಹುಡುಗ ನಮ್ಮ ಕಡೆ ನೋಡಿದ. ಯಜಮಾನರು ತಿರುಗಿದ್ದಷ್ಟೇ ಅಲ್ಲ, ಬಾಗಿಲವರೆಗೆ ಹೋಗಿಬಿಟ್ಟರು. ನಾನು ಪೆನ್ಸಿಲ್ ತೆಗೆದುಕೊಂಡು ನಿಧಾನವಾಗಿ, ಒಂದೊಂದೇ ಹೆಸರು ಓದಿ, ಅಂಕೆಗಳನ್ನು ಬರೆದೆ.

ಹೊರಗೆ ಬಂದು ಎರಡು ಬ್ರೆಡ್ಡಿನಲ್ಲಿ ಬರೀ ಈರುಳ್ಳಿ ಹಾಕಿಸಿಕೊಂಡೆ, ಸಾಸೇಜು ಬೇಡ ಎಂದೆ. ಕಾರಿನಲ್ಲಿ ಕೂತು ತಿನ್ನುವಾಗ ಅವರು ಕೇಳಿದರು.

"ಯಾರಿಗೆ ಹಾಕ್ದೆ?"

ಹೇಳಲಿಲ್ಲ. ಇನ್ನೂ ಕೇಳುತ್ತಿದ್ದಾರೆ.